ರೇರಾ ನಂಬರ್ ಯಾರಿಗೆ ಬೇಕು, ಯಾವಾಗ ಬೇಕು: ಕಲಬುರಗಿಯಿಂದ ಬಂದ ಒಂದು ಪ್ರಶ್ನೆ

ಪ್ರಶ್ನೆ: ಸರ್, ನಮಸ್ಕಾರ. ನನಗೆ 29 ವರ್ಷ, ಬಿ.ಕಾಂ. ಆಗಿದೆ. ನಾಲ್ಕು ವರ್ಷದಿಂದ ಕಲಬುರಗಿಯ ಸೇಡಂ ರಸ್ತೆಯಲ್ಲಿ ನಮ್ಮ ಕಾಕಾ ಅವರ ಆಫೀಸಿನಲ್ಲಿ ಇದ್ದೇನೆ. ಬಾಡಿಗೆ ಮನೆ, ಹಳೇ ಮನೆ, ಹೊಸ ಲೇಔಟಿನ ಪ್ಲಾಟ್, ಎಲ್ಲ ತೋರಿಸುತ್ತೇನೆ. ಈಗ ಸ್ವಂತ ಶುರು ಮಾಡಬೇಕು ಅಂತಿದ್ದೇನೆ. ಲೈಸೆನ್ಸ್ ಬೇಕೇ ಬೇಕಾ? ಪರೀಕ್ಷೆ ಇರುತ್ತದಾ? ವಿಡಿಯೊಗಳಲ್ಲಿ ಮೊದಲು ಸೇಲ್ಸ್‌ಪರ್ಸನ್ ಆಗಿ, ಆಮೇಲೆ ಬ್ರೋಕರ್ ಲೈಸೆನ್ಸಿಗೆ ಏರಬೇಕು ಅನ್ನುತ್ತಾರೆ. ಇಲ್ಲೊಬ್ಬರು 40 ಸಾವಿರ ಕೊಟ್ಟರೆ ಎಲ್ಲ ಮಾಡಿಸಿಕೊಡುತ್ತೇನೆ ಎಂದಿದ್ದಾರೆ. ಭಾವನ ಜೊತೆ ಫರ್ಮ್ ಮಾಡುವ ವಿಚಾರವೂ ಇದೆ. ಹೈದರಾಬಾದ್ ಕಡೆಯ ಪ್ಲಾಟ್ ಮಾರಬಹುದಾ?

ಉತ್ತರ: ನಮಸ್ಕಾರ. ಇಷ್ಟು ಬಿಡಿಸಿ ಕೇಳಿದ್ದಕ್ಕೆ ಖುಷಿಯಾಯಿತು. ನಮ್ಮ ಊರಲ್ಲಿ ಹತ್ತಾರು ವರ್ಷ ದಲಾಲಿ ಮಾಡಿದವರು ಕೂಡ ಈ ಪ್ರಶ್ನೆಗಳನ್ನು ಕೇಳುವುದು ಕಡಿಮೆ.

ಮೊದಲು ಆ ವಿಡಿಯೊ ವಿಷಯ ಮುಗಿಸೋಣ. ಅದು ಅಮೆರಿಕದ ಪದ್ಧತಿ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಸೇಲ್ಸ್‌ಪರ್ಸನ್ ಆಗಬೇಕಾದರೆ 135 ಗಂಟೆ ಪಾಠ ಕೇಳಿ ಪರೀಕ್ಷೆ ಪಾಸಾಗಬೇಕು. ಆಮೇಲೆ ಎರಡು ವರ್ಷ ಕೆಲಸ ಮಾಡಿ, ಇನ್ನಷ್ಟು ಓದಿ, ಇನ್ನೊಂದು ಪರೀಕ್ಷೆ ಬರೆದು ಬ್ರೋಕರ್ ಆಗುತ್ತಾರೆ. ನಮ್ಮಲ್ಲಿ ಈ ಎರಡು ಮೆಟ್ಟಿಲು ಇಲ್ಲ. ಇಲ್ಲಿ ನಡೆಯುವುದು 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅಂದರೆ ಎಲ್ಲರೂ ರೇರಾ ಅನ್ನುವ ಕಾಯ್ದೆ. ಅದರಲ್ಲಿ ಲೈಸೆನ್ಸ್ ಅನ್ನುವ ಪದ ಬಳಸುವುದಿಲ್ಲ, ಏಜೆಂಟ್ ನೋಂದಣಿ ಅನ್ನುತ್ತಾರೆ. ಕಾಯ್ದೆಯಲ್ಲಿ ಏಜೆಂಟರಿಗೆ ಪರೀಕ್ಷೆಯ ಮಾತೂ ಇಲ್ಲ. ಆದರೆ ಪಕ್ಕದ ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2023ರಲ್ಲಿ ಆದೇಶ ಹೊರಡಿಸಿ, ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆ ಕಡ್ಡಾಯ ಮಾಡಿತು.

ಈಗ ಬೇಕೇ ಬೇಕಾ ಅನ್ನುವ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ನೀವು ಬಾಡಿಗೆ ಮನೆ ತೋರಿಸಿ ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ತೆಗೆದುಕೊಳ್ಳುತ್ತೀರಿ. ಅದಕ್ಕೆ ರೇರಾ ನೋಂದಣಿ ಬೇಕಿಲ್ಲ. ಬ್ರಹ್ಮಪುರದ ಒಂದು ಹಳೇ ಮನೆಯನ್ನು ಅದರ ಮಾಲೀಕರಿಂದ ಇನ್ನೊಬ್ಬರಿಗೆ ಕೊಡಿಸುತ್ತೀರಿ. ಆ ಮನೆ ಯಾವ ರೇರಾ ಪ್ರಾಜೆಕ್ಟಿನದೂ ಅಲ್ಲ ಅಂದರೆ ಅದಕ್ಕೂ ಬೇಕಿಲ್ಲ. ಜೇವರ್ಗಿ ಕಡೆ ಹೊಲ ಕೊಡಿಸಿದರೆ, ಹೊಲ ಹೊಲವಾಗಿಯೇ ಉಳಿಯುವ ತನಕ ಅದೂ ಹೊರಗೆ. ಕಾಯ್ದೆಯ 9ನೇ ಸೆಕ್ಷನ್ ಹಿಡಿಯುವುದು ರೇರಾದಲ್ಲಿ ನೋಂದಣಿ ಆದ ಪ್ರಾಜೆಕ್ಟಿನ ಪ್ಲಾಟ್, ಫ್ಲ್ಯಾಟ್ ಅಥವಾ ಕಟ್ಟಡವನ್ನು ಮಾರಿಸುವವರನ್ನು. ಅಂಥ ಒಂದೇ ಒಂದು ಪ್ಲಾಟ್ ಮಾರಿಸಿದರೂ ನೋಂದಣಿ ಬೇಕು. ನಿಮ್ಮನ್ನು ನೀವು ದಲಾಲ ಅನ್ನಿ, ಮಧ್ಯಸ್ಥ ಅನ್ನಿ, ಕನ್ಸಲ್ಟೆಂಟ್ ಅನ್ನಿ. ಯಾವ ಹೆಸರಿನಿಂದ ಕರೆದರೂ ಏಜೆಂಟೇ ಅಂತ ಕಾಯ್ದೆಯೇ ಹೇಳಿದೆ.

ಹಾಗಾದರೆ ನೋಂದಣಿ ಆಗದ ಲೇಔಟ್ ಮಾರಿದರೆ ನಾನು ಬಚಾವ್ ಅಲ್ವಾ, ಅಂತ ನನ್ನ ಹತ್ತಿರ ಒಬ್ಬರು ಕೇಳಿದ್ದರು. ಇಲ್ಲ. ನೋಂದಣಿ ಮಾಡಿಸಬೇಕಿದ್ದ ಲೇಔಟನ್ನು ನೋಂದಣಿ ಇಲ್ಲದೆ ಮಾರುವುದೇ ತಪ್ಪು. ಆ ತಪ್ಪು ಮೊದಲು ಲೇಔಟ್ ಮಾಡಿದವರದು. 10ನೇ ಸೆಕ್ಷನ್ ಪ್ರಕಾರ, ನೋಂದಣಿ ನಂಬರ್ ಪಡೆದ ಏಜೆಂಟ್ ಅಂಥ ಲೇಔಟಿನ ಮಾರಾಟಕ್ಕೆ ಕೈ ಹಾಕುವ ಹಾಗೇ ಇಲ್ಲ.

ಯಾವ ಲೇಔಟಿಗೆ ನೋಂದಣಿ ಬೇಕು? ಅಭಿವೃದ್ಧಿ ಮಾಡುವ ಜಮೀನು 500 ಚದರ ಮೀಟರ್ ಮೀರದಿದ್ದರೆ, ಅಥವಾ ಎಲ್ಲ ಹಂತ ಸೇರಿ ಎಂಟಕ್ಕಿಂತ ಜಾಸ್ತಿ ಫ್ಲ್ಯಾಟ್ ಇಲ್ಲದಿದ್ದರೆ ವಿನಾಯಿತಿ ಇದೆ. ನಮ್ಮ ಭಾಷೆಯಲ್ಲಿ ಲೆಕ್ಕ ಹಾಕೋಣ. 500 ಚದರ ಮೀಟರ್ ಅಂದರೆ ಸುಮಾರು 5,382 ಚದರಡಿ. ಒಂದು ಗುಂಟೆ ಅಂದರೆ 1,089 ಚದರಡಿ, ಐದು ಗುಂಟೆ ಅಂದರೆ 5,445. ಅಂದರೆ ಐದೇ ಗುಂಟೆಗೆ ಮಿತಿ ದಾಟಿಹೋಯಿತು. ರಿಂಗ್ ರೋಡಿನ ಆಚೆ ಎರಡು ಎಕರೆ, ಮೂರು ಎಕರೆ ಹೊಲವನ್ನು ಕಲ್ಲು ನೆಟ್ಟು ಪ್ಲಾಟ್ ಮಾಡುತ್ತಾರಲ್ಲ, ಅದರಲ್ಲಿ ಒಂದೂ ಈ ವಿನಾಯಿತಿಯೊಳಗೆ ಬರುವುದಿಲ್ಲ. "ಒಂದೊಂದು ಪ್ಲಾಟ್ 30x40 ಅಡಿ ಇದೆ, 500 ಚದರ ಮೀಟರಿಗಿಂತ ಕಡಿಮೆ, ಅದಕ್ಕೆ ರೇರಾ ಬೇಡ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲೆಕ್ಕ ಇಡೀ ಜಮೀನಿನದು, ಒಂದು ಪ್ಲಾಟಿನದಲ್ಲ.

ಇನ್ನೊಂದು ಮಾತು ನಮ್ಮ ಭಾಗದಲ್ಲಿ ದಿನಾ ಕೇಳುತ್ತೇನೆ: "ಎನ್.ಎ. ಆಗಿದೆ ಸರ್, ಕ್ಲಿಯರ್ ಪ್ಲಾಟ್." ಎನ್.ಎ. ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಿ ಜಿಲ್ಲಾಧಿಕಾರಿ ಕೊಟ್ಟ ಆದೇಶ. ಅದು ಮೊದಲನೇ ಬಾಗಿಲು ಮಾತ್ರ. ಅದಾದ ಮೇಲೆ ಲೇಔಟಿನ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ಕಲಬುರಗಿ ನಗರದ ಸುತ್ತ ಅದನ್ನು ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ರಸ್ತೆ ಎಷ್ಟು ಅಗಲ, ಉದ್ಯಾನ ಎಲ್ಲಿ, ಸಾರ್ವಜನಿಕರಿಗೆ ಬಿಟ್ಟ ಜಾಗ ಎಷ್ಟು ಅನ್ನುವುದು ಆ ನಕ್ಷೆಯಲ್ಲಿ ಇರುತ್ತದೆ. ಮೂರನೆಯದು ರೇರಾ ನೋಂದಣಿ. ಮೂರೂ ಬೇರೆ ಬೇರೆ ಕಾಗದ, ಕೊಡುವವರೂ ಬೇರೆ ಬೇರೆ. ಒಂದು ಇದೆ ಅಂದ ಮಾತ್ರಕ್ಕೆ ಇನ್ನೊಂದು ಇದೆ ಅಂತ ಅಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ರೇರಾ ಬಂದ ಹೊಸದರಲ್ಲಿ ಒಂದು ಲೇಔಟಿನ ಎರಡು ಪ್ಲಾಟ್ ಕೊಡಿಸಿದೆ. ಲೇಔಟ್ ಮಾಡಿದವರು ಎನ್.ಎ. ಆದೇಶದ ಜೆರಾಕ್ಸ್ ತೋರಿಸಿದರು. ನಕ್ಷೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದರು. ನಾನು ನಂಬಿದೆ, ನನ್ನನ್ನು ನಂಬಿ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ನಿವೃತ್ತಿಯ ಹಣ ಹಾಕಿದರು. ನಕ್ಷೆ ಬರಲೇ ಇಲ್ಲ. ರಸ್ತೆ ಆಗಲಿಲ್ಲ, ಕರೆಂಟ್ ಕಂಬ ಬರಲಿಲ್ಲ. ಮನೆ ಕಟ್ಟಲು ಬ್ಯಾಂಕಿನಿಂದ ಸಾಲ ಕೇಳಿದರೆ ಕೊಡಲಿಲ್ಲ. ಮೇಷ್ಟ್ರು ಒಂದು ಸಂಜೆ ನಮ್ಮ ಮನೆಗೆ ಬಂದು ಚಹಾ ಕುಡಿದು, ಒಂದು ಮಾತೂ ಬೈಯದೆ, "ನೀವೂ ಗೊತ್ತಿಲ್ಲದೇನೇ ಮಾಡಿದ್ರಿ ಬಿಡ್ರಿ" ಎಂದು ಎದ್ದು ಹೋದರು. ನನ್ನ ಕಮಿಷನ್ ವಾಪಸ್ ಕೊಟ್ಟೆ. ಅವರ ಹಣ ವಾಪಸ್ ಕೊಡಿಸಲು ನನ್ನಿಂದ ಆಗಲಿಲ್ಲ. ಆ ಸಂಜೆಯಿಂದ, ನಕ್ಷೆ ಮತ್ತು ರೇರಾ ನಂಬರ್ ಎರಡನ್ನೂ ನನ್ನ ಕಣ್ಣಿನಿಂದ ನೋಡದೆ ಯಾವ ಪ್ಲಾಟನ್ನೂ ತೋರಿಸಿಲ್ಲ.

ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ. ನಂಬರ್ ಪಡೆಯುವುದು ಕಷ್ಟದ ಕೆಲಸ ಅಲ್ಲ. ಪಡೆದ ಮೇಲೆ ನೀವು ಬಾಯಿ ಬಿಟ್ಟು ಹೇಳಿದ ಪ್ರತಿಯೊಂದಕ್ಕೂ ನೀವೇ ಜವಾಬ್ದಾರಿ. ಗ್ರಾಹಕರು ಲೇಔಟ್ ಮಾಡಿದವರ ಮೇಲೆ ಮಾತ್ರ ಅಲ್ಲ, ಏಜೆಂಟ್ ಮೇಲೂ ನೇರವಾಗಿ ರೇರಾಕ್ಕೆ ದೂರು ಕೊಡಬಹುದು. ಏರ್‌ಪೋರ್ಟಿಗೆ ಐದೇ ನಿಮಿಷ, ಮುಂದಿನ ವರ್ಷ ಈಜುಕೊಳ, ಹಿಂದೆಯೇ ದೊಡ್ಡ ಆಸ್ಪತ್ರೆ, ಇಂಥ ಮಾತುಗಳನ್ನು ಈಗ ಸುಮ್ನೆ ಆಡಿಬಿಡುತ್ತೇವೆ. ಕೊಡದ ಸೌಲಭ್ಯವನ್ನು ಕೊಡುತ್ತೇವೆ ಎಂದು ಹೇಳುವುದನ್ನು ಕಾಯ್ದೆ ಅನ್ಯಾಯದ ವ್ಯಾಪಾರ ಅನ್ನುತ್ತದೆ. ಅದಕ್ಕಾಗಿ ನೋಂದಣಿಯನ್ನೇ ರದ್ದು ಮಾಡಬಹುದು.

ದಂಡದ ಲೆಕ್ಕವೂ ಗೊತ್ತಿರಲಿ. ನೋಂದಣಿ ಇಲ್ಲದೆ ಏಜೆಂಟ್ ಕೆಲಸ ಮಾಡಿದರೆ, ಅಥವಾ ನೋಂದಣಿ ಇಲ್ಲದ ಪ್ರಾಜೆಕ್ಟ್ ಮಾರಿಸಿದರೆ, ತಪ್ಪು ಮುಂದುವರಿದ ಪ್ರತಿ ದಿನಕ್ಕೆ 10 ಸಾವಿರ ರೂಪಾಯಿ. ಒಟ್ಟು ದಂಡ ಆ ಪ್ಲಾಟಿನ ಬೆಲೆಯ ಶೇ 5ರವರೆಗೆ ಹೋಗಬಹುದು. 30 ಲಕ್ಷದ ಪ್ಲಾಟ್ ಅಂದುಕೊಳ್ಳಿ. ಶೇ 5 ಅಂದರೆ ಒಂದೂವರೆ ಲಕ್ಷ. ಹದಿನೈದು ದಿನಕ್ಕೆ ಅಲ್ಲಿಗೆ ಮುಟ್ಟುತ್ತದೆ. ಅದೇ ಪ್ಲಾಟಿಗೆ ನಿಮಗೆ ಶೇ 2 ಕಮಿಷನ್ ಸಿಕ್ಕರೆ ಬರುವುದು 60 ಸಾವಿರ.

ಈಗ ಅರ್ಜಿಗೆ ಬರೋಣ. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. ಅದರ ಪ್ರಕಾರ ಒಬ್ಬ ವ್ಯಕ್ತಿ ತನ್ನ ಹೆಸರಿನಲ್ಲಿ ನೋಂದಣಿ ಮಾಡಿಸಿದರೆ ಶುಲ್ಕ 25 ಸಾವಿರ ರೂಪಾಯಿ. ಫರ್ಮ್, ಕಂಪನಿ ಇತ್ಯಾದಿ ಆದರೆ 2 ಲಕ್ಷ. ಅರ್ಜಿ ಹಾಕುವುದು, ಹಣ ಕಟ್ಟುವುದು ಎಲ್ಲ ಕರ್ನಾಟಕ ರೇರಾದ ಜಾಲತಾಣದಲ್ಲೇ. ಬೆಂಗಳೂರಿಗೆ ಹೋಗುವ ರೈಲು ಹತ್ತಬೇಕಿಲ್ಲ. ನಿಮ್ಮ ಫೋಟೊ, ಪ್ಯಾನ್, ಗುರುತಿನ ಚೀಟಿ, ಆಫೀಸಿನ ವಿಳಾಸದ ಪುರಾವೆ, ಹಿಂದಿನ ವರ್ಷಗಳ ಇನ್‌ಕಮ್ ಟ್ಯಾಕ್ಸ್ ರಿಟರ್ನ್, ನಿಮ್ಮ ಮೇಲೆ ಕೇಸು ಇದ್ದರೆ ಅದರ ವಿವರ, ಇವನ್ನು ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಆಫೀಸು ಬಾಡಿಗೆದಾದರೆ ಬಾಡಿಗೆ ಕರಾರು ನಿಮ್ಮ ಹೆಸರಿನಲ್ಲಿ ಇರಲಿ. ಪ್ಯಾನ್‌ನಲ್ಲಿ ಇರುವ ಹೆಸರು ಮತ್ತು ಉಳಿದ ಕಾಗದಗಳ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ನಮ್ಮ ಕಡೆ ಒಂದರಲ್ಲಿ ಅಡ್ಡಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಇರುವುದೇ ಇಲ್ಲ. ಅರ್ಜಿ ವಾಪಸ್ ಬರಲು ಅಷ್ಟು ಸಾಕು.

ಅರ್ಜಿ ಸರಿ ಇದ್ದರೆ 30 ದಿನದೊಳಗೆ ನೋಂದಣಿ ಕೊಡಬೇಕು, ಇಲ್ಲವೇ ಏನು ಕೊರತೆ ಅಂತ ತಿಳಿಸಬೇಕು ಎನ್ನುತ್ತದೆ ನಿಯಮ. ಸಿಗುವ ನಂಬರಿನ ನಡುವೆ ಇಂಗ್ಲಿಷಿನಲ್ಲಿ ಎಜಿ ಅನ್ನುವ ಎರಡು ಅಕ್ಷರ ಇರುತ್ತವೆ. ಪ್ರಾಜೆಕ್ಟಿನ ನಂಬರಿನಲ್ಲಿ ಅದೇ ಜಾಗದಲ್ಲಿ ಪಿಆರ್ ಇರುತ್ತದೆ. ಇದನ್ನು ನೆನಪಿಡಿ, ಕೆಲಸಕ್ಕೆ ಬರುತ್ತದೆ. ಏಜೆಂಟ್ ನಂಬರನ್ನೇ ಲೇಔಟಿನ ನಂಬರ್ ಅಂತ ಬ್ಯಾನರಿನಲ್ಲಿ ಹಾಕಿ, "ರೇರಾ ಅಪ್ರೂವ್ಡ್" ಅಂತ ಬರೆದದ್ದನ್ನು ನಾನೇ ನೋಡಿದ್ದೇನೆ. ನಂಬರ್ ಐದು ವರ್ಷ ನಡೆಯುತ್ತದೆ. ಮುಗಿಯುವ ಮೂರು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ದಿನಾಂಕವನ್ನು ಈಗಲೇ ಆಫೀಸಿನ ಗೋಡೆಗೆ ಬರೆದಿಡಿ.

ಆ 40 ಸಾವಿರ ಕೇಳಿದವರ ವಿಷಯ. ಸರ್ಕಾರದ ಶುಲ್ಕ 25 ಸಾವಿರ, ಉಳಿದ 15 ಸಾವಿರ ಅವರ ಕೂಲಿ. ಕೂಲಿ ಕೇಳುವುದು ತಪ್ಪಲ್ಲ. ಆದರೆ ಬಿ.ಕಾಂ. ಓದಿದ ನಿಮಗೆ ಆ ಅರ್ಜಿ ತುಂಬುವುದು ಒಂದು ಮಧ್ಯಾಹ್ನದ ಕೆಲಸ. ನನಗೆ ಜಾಸ್ತಿ ಚಿಂತೆ ಬೇರೆ ಇದೆ. ಹೀಗೆ ಮಾಡಿಸಿಕೊಡುವ ಕೆಲವರು ತಮ್ಮದೇ ಮೊಬೈಲ್ ನಂಬರ್, ತಮ್ಮದೇ ಇಮೇಲ್ ಹಾಕಿ ಲಾಗಿನ್ ಮಾಡುತ್ತಾರೆ. ಮುಂದೆ ಪ್ರಾಧಿಕಾರದಿಂದ ನೋಟಿಸ್ ಬಂದರೆ ಅವರಿಗೆ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಯಾರಿಂದ ಮಾಡಿಸಿದರೂ ಲಾಗಿನ್ ನಿಮ್ಮ ಕೈಯಲ್ಲಿರಲಿ.

ಫರ್ಮ್ ಬಗ್ಗೆ. ನೀವು ಕೇಳಿದ "ಮೇಲೇರುವುದು" ನಮ್ಮಲ್ಲಿ ಇದ್ದರೆ ಇದೊಂದೇ: ವ್ಯಕ್ತಿಯಿಂದ ಫರ್ಮ್‌ಗೆ ಹೋಗುವುದು. ಆದರೆ ಇದು ಬಡ್ತಿ ಅಲ್ಲ. ನಿಮ್ಮ ಹೆಸರಿನ ನಂಬರ್ ಫರ್ಮ್‌ಗೆ ಬದಲಾಗುವುದಿಲ್ಲ. ಫರ್ಮ್ ಅಂದರೆ ಕಾಯ್ದೆಯ ಕಣ್ಣಿಗೆ ಬೇರೆಯೇ ಅರ್ಜಿದಾರ. ಅದಕ್ಕೆ ಬೇರೆ ಪ್ಯಾನ್, ಬೇರೆ ಪಾಲುದಾರಿಕೆ ಪತ್ರ, ಬೇರೆ ಅರ್ಜಿ, 2 ಲಕ್ಷ ಬೇರೆ ಶುಲ್ಕ. ನನ್ನನ್ನು ಕೇಳಿದರೆ ಮೊದಲ ಎರಡು ವರ್ಷ ಫರ್ಮ್ ಬೇಡ. ನಿಮ್ಮ ಹೆಸರಿನಲ್ಲಿ ಮಾಡಿ. ಭಾವ ಸ್ವತಃ ಗ್ರಾಹಕರನ್ನು ತಂದು ಪ್ಲಾಟ್ ಮಾರಿಸಿ ಕಮಿಷನ್ ತೆಗೆದುಕೊಳ್ಳುವವರಾದರೆ ಅವರೂ ತಮ್ಮ ಹೆಸರಿನಲ್ಲಿ 25 ಸಾವಿರ ಕಟ್ಟಲಿ. ಇಬ್ಬರದೂ ಸೇರಿ 50 ಸಾವಿರ ಆಗುತ್ತದೆ, ಇನ್ನೂ ಒಂದೂವರೆ ಲಕ್ಷ ಉಳಿಯಿತು. ಎರಡು ವರ್ಷದಲ್ಲಿ ಇಬ್ಬರಿಗೂ ಕೆಲಸ ಹೊಂದುತ್ತದಾ ಅಂತಲೂ ತಿಳಿಯುತ್ತದೆ. ಸಂಬಂಧಿಕರ ನಡುವೆ ಹಣದ ಮಾತು ಬಂದಾಗ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ದೊಡ್ಡ ಬಿಲ್ಡರುಗಳು ಫರ್ಮ್ ಜೊತೆಯೇ ಒಪ್ಪಂದ ಮಾಡುತ್ತೇವೆ ಎಂದಾಗ, ಅಥವಾ ನಾಲ್ಕಾರು ಹುಡುಗರನ್ನು ಸಂಬಳಕ್ಕೆ ಇಟ್ಟುಕೊಳ್ಳುವ ಹಂತ ಬಂದಾಗ ಫರ್ಮ್ ಮಾಡಿ.

ಒಂದು ಎಚ್ಚರಿಕೆ. ನಿಮಗೆ ನಂಬರ್ ಬಂದ ಸುದ್ದಿ ಹರಡಿದ ತಕ್ಷಣ "ಈ ಒಂದು ಪ್ಲಾಟಿಗೆ ನಿನ್ನ ನಂಬರ್ ಹಾಕ್ಕೋತೀನಿ" ಅಂತ ಗೆಳೆಯರು ಬರುತ್ತಾರೆ. ಕೊಡಬೇಡಿ. ನೀವು ನೋಡದ ಪ್ಲಾಟಿಗೆ, ನೀವು ಆಡದ ಮಾತಿಗೆ ನೀವು ಉತ್ತರ ಕೊಡಬೇಕಾಗುತ್ತದೆ.

ಹೈದರಾಬಾದ್ ಪ್ರಶ್ನೆಗೆ ಉತ್ತರ ಚಿಕ್ಕದು. ಒಂದು ನೋಂದಣಿ ಇಡೀ ಕರ್ನಾಟಕಕ್ಕೆ ಸಾಕು. ಕಲಬುರಗಿಯಲ್ಲಿ ಕುಳಿತು ಬೀದರ್, ಯಾದಗಿರಿ, ಬೆಂಗಳೂರಿನ ಪ್ರಾಜೆಕ್ಟ್ ಮಾರಿಸಬಹುದು. ಗಡಿ ದಾಟಿದರೆ ಸಾಕಾಗುವುದಿಲ್ಲ. ಬೀದರ್ ಪಕ್ಕದ ಜಹೀರಾಬಾದಿನ ಲೇಔಟ್ ಆದರೂ ಅದು ತೆಲಂಗಾಣ, ಅಲ್ಲಿಯ ರೇರಾ ನೋಂದಣಿ ಬೇಕು. ಸೊಲ್ಲಾಪುರದ್ದಾದರೆ ಮಹಾರಾಷ್ಟ್ರದ್ದು, ಜೊತೆಗೆ ಮೊದಲು ಹೇಳಿದ ಪರೀಕ್ಷೆ. ನಮ್ಮ ಜನ ಹೈದರಾಬಾದಿನಲ್ಲಿ ಪ್ಲಾಟ್ ತೆಗೆದುಕೊಳ್ಳುವುದು ನಿಜ. ಆದರೆ ಮೊದಲ ವರ್ಷ ನಿಮ್ಮ ಓಣಿ, ನಿಮ್ಮ ರಸ್ತೆಯಲ್ಲೇ ಹೆಸರು ಮಾಡಿ ಅನ್ನುತ್ತೇನೆ. ನೀವು ವಾರಕ್ಕೊಮ್ಮೆ ಹೋಗಿ ನೋಡಲು ಆಗದ ಜಮೀನಿನ ಬಗ್ಗೆ ಗ್ರಾಹಕರಿಗೆ ಏನು ಭರವಸೆ ಕೊಡುತ್ತೀರಿ?

ಹಣದ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಡೆ ಬಯಾನಾ, ಅಂದರೆ ಮುಂಗಡ, ಅಂದ ಕೂಡಲೇ ನೋಟಿನ ಕಟ್ಟು ದಲಾಲನ ಕೈಗೆ. ಆ ಅಭ್ಯಾಸ ಬಿಡಿ. ಜಾಗದ ವ್ಯವಹಾರಕ್ಕೆ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದನ್ನು ಇನ್‌ಕಮ್ ಟ್ಯಾಕ್ಸ್ ಕಾನೂನು ಒಪ್ಪುವುದಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ರೇರಾ ಪ್ರಾಜೆಕ್ಟಿನಲ್ಲಿ ಮಾರಾಟ ಕರಾರು ನೋಂದಣಿ ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಜಾಸ್ತಿ ಮುಂಗಡ ಪಡೆಯುವ ಹಾಗಿಲ್ಲ. 12 ಲಕ್ಷದ ಪ್ಲಾಟಿಗೆ 1 ಲಕ್ಷ 20 ಸಾವಿರ, ಅಷ್ಟೇ. ಆ ಹಣ ಗ್ರಾಹಕರ ಖಾತೆಯಿಂದ ನೇರವಾಗಿ ಪ್ರಾಜೆಕ್ಟಿನ ಖಾತೆಗೆ ಹೋಗಲಿ, ನಿಮ್ಮ ಖಾತೆಗೆ ಬೇಡ. ನಿಮ್ಮ ಕಮಿಷನ್ ಎಷ್ಟು ಅಂತ ರೇರಾ ಕಾಯ್ದೆ ಗೊತ್ತು ಮಾಡಿಲ್ಲ, ಅದಕ್ಕೇ ಅದನ್ನು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಕಂಪನಿಗಳು ಕಮಿಷನ್ ಕೊಡುವಾಗ ಟಿಡಿಎಸ್, ಅಂದರೆ ಕೊಡುವ ಮೊದಲೇ ಕಡಿತ ಮಾಡುವ ತೆರಿಗೆ, ಹಿಡಿಯುತ್ತವೆ. 2024ರ ಅಕ್ಟೋಬರಿನಿಂದ ಅದು ಶೇ 5ರಿಂದ ಶೇ 2ಕ್ಕೆ ಇಳಿದಿದೆ. ವರ್ಷದ ಕಮಿಷನ್ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು.

ಕಾಗದ ಓದುವುದನ್ನು ಮಾತ್ರ ಯಾವ ನಂಬರೂ ಕಲಿಸುವುದಿಲ್ಲ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಸಾಲ ಇದೆಯಾ, ಋಣಭಾರ ಪತ್ರದಲ್ಲಿ ಹಿಂದಿನ ಖರೀದಿಗಳು ಒಂದಕ್ಕೊಂದು ಹೊಂದುತ್ತವಾ, ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು ಎಲ್ಲ ಸಹಿ ಹಾಕಿದ್ದಾರಾ, ಇವನ್ನು ನೀವೇ ನೋಡಲು ಕಲಿಯಿರಿ. ಮುಖ್ಯವಾಗಿ, ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನು ಹೌದಾ ಅಂತ ಹಳೇ ಕಾಗದದಲ್ಲಿ ಹುಡುಕಿ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಎಷ್ಟು ಕೈ ಬದಲಾಗಿದ್ದರೂ ಅದು ಮೂಲ ಮಂಜೂರುದಾರರಿಗೆ ವಾಪಸ್ ಹೋಗಬಹುದು. ಒಬ್ಬ ಒಳ್ಳೆಯ ವಕೀಲರ ಹತ್ತಿರ ಮೂರು ತಿಂಗಳು ಸಂಜೆ ಹೊತ್ತು ಕುಳಿತು ಹತ್ತು ಫೈಲ್ ಓದಿದರೆ, ಯಾವ ಕೋರ್ಸಿಗಿಂತ ಜಾಸ್ತಿ ಕಲಿಯುತ್ತೀರಿ.

ಕೊನೆಗೆ ನಿಮ್ಮ ಕಾಕಾ. ಅವರ ಹತ್ತಿರ ನಂಬರ್ ಇದೆಯಾ ಇಲ್ಲವಾ ಅಂತ ನೀವು ಬರೆದಿಲ್ಲ. ಇವತ್ತೇ ಕೇಳಿ. ಇದ್ದರೆ, ನೀವು ಅವರ ಸಂಬಳದ ಮೇಲೆ ಇರುವ ತನಕ ಅವರ ನಂಬರ್ ಮೇಲೆ ಕೆಲಸ ನಡೆಯುತ್ತದೆ. ಲೇಔಟಿನವರಿಂದ ನಿಮ್ಮ ಹೆಸರಿಗೆ ಕಮಿಷನ್ ಬರಲು ಶುರುವಾದ ದಿನವೇ ನೀವೂ ಏಜೆಂಟ್. ಕಾಕಾ ಅವರ ಹತ್ತಿರ ನಂಬರ್ ಇಲ್ಲದಿದ್ದರೆ, ನಿಮ್ಮ ಅರ್ಜಿಗಿಂತ ಮೊದಲು ಅವರ ಅರ್ಜಿಯನ್ನು ನೀವೇ ಕುಳಿತು ತುಂಬಿಕೊಡಿ. ಅದರಿಂದ ನಿಮಗೆ ಅರ್ಜಿ ತುಂಬುವ ಅಭ್ಯಾಸವೂ ಆಗುತ್ತದೆ. ಬಯಾನಾ ಆಗಿ ಖರೀದಿ ಪತ್ರ ಆಗದೆ ಉಳಿದ ಪ್ಲಾಟ್‌ಗಳ ಪಟ್ಟಿ ಮಾಡಿ, ಅವೆಲ್ಲ ಕಾಕಾ ಅವರ ಕಡೆಯಿಂದಲೇ ಮುಗಿಯಲಿ ಅಂತ ಇಬ್ಬರೂ ಒಪ್ಪಿಕೊಳ್ಳಿ. ಆಮೇಲೆ ನಿಮ್ಮ ಬೋರ್ಡ್ ಹಾಕಿ. ನಿಮ್ಮ ನಂಬರ್ ಆ ಬೋರ್ಡಿನ ಮೇಲೆ, ರಸ್ತೆಯಲ್ಲಿ ನಿಂತವರಿಗೆ ಓದಲು ಬರುವಷ್ಟು ದೊಡ್ಡದಾಗಿ ಇರಲಿ.